ಎದುರುಮನೆ ಆಯಿ ಮತ್ತು ಚೀನಾದ ಅರಸ

ನೆಲದಡಿಯ ಗೋರಿಗೆ ಮೆಟ್ಟಿಲಿಳಿಯುತ್ತಿದ್ದಂತೆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಸಿಂಧನೂರಿನ ನನ್ನ ಅಕ್ಕಿ ಗಿರಣಿಗೆ ಮಷೀನು ನೋಡಲು ಈ ವರ್ಷ ಚೀನಾಕ್ಕೆ ಹೋದವನು, ಬಿಡುವಿದ್ದ ದಿನ ಅಲ್ಲಿನ ಹಳೆಯ ಅರಸನೊಬ್ಬನ ಸಮಾಧಿ ನೋಡಲು ಹೋಗಿದ್ದೆ. ಒಳಗೆ ಆಳೆತ್ತರದ ಕೆಂಪು ಪೆಟ್ಟಿಗೆಗಳಿದ್ದವು. ಅವು ಬರೀ ಖಾಲಿ ಎಂದ ಗೈಡ್. ಹಿಂದೊಮ್ಮೆ ರೊಚ್ಚಿಗೆದ್ದ ಜನ ಅರಸನ ಎಲುಬುಗಳನ್ನು ಹೊರಗೆಳೆದು, ಕಲ್ಲಿನಿಂದ ಜಜ್ಜಿ, ಬೆಂಕಿ ಹಚ್ಚಿದ್ದರಂತೆ. ನನಗೆ ಎದುರುಮನೆ ಆಯಿ ನೆನಪಾದಳು…

ನಮ್ಮ ಲಿಂಗವಂತರಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಕೂಡಿಸಿ ಮಣ್ಣು ಮಾಡುವುದುಂಟು. ಆಯಿಯ ಗಂಡನೂ ಜವಳಗೇರಾ ದಾರಿಯ ಹೊಲದಲ್ಲಿ ಹಾಗೇ ಕೂತಿದ್ದ. ಮಕ್ಕಳಿಲ್ಲದ ಅವಳನ್ನು ಒಂದು ಮಾತೂ ಕೇಳದೆ ಮೈದುನನ ಮಗ ಆ ಹೊಲ ಮಾರಿದ. ಸಮಾಧಿ ಮುಟ್ಟುವುದಿಲ್ಲ ಎಂದು ಕೊಂಡವನು ಮಾತು ಕೊಟ್ಟಿದ್ದ. ಒಂದು ಬೆಳಗ್ಗೆ, ಗದ್ದೆ ಸಮ ಮಾಡಿಸಲು ಡೋಜರ್ ತಂದ.

ಪಕ್ಕದ ಹೊಲದಿಂದ ನಾನು ಓಡಿ ಬರುವಷ್ಟರಲ್ಲಿ ಸಮಾಧಿಯ ಕಟ್ಟೆ ಒಡೆದು, ತಲೆಬುರುಡೆ ಮಣ್ಣಗುಡ್ಡೆಯ ಮೇಲೆ ಹೊರಳಿ ಬಿದ್ದಿತ್ತು. ಡ್ರೈವರ್ ಹೆದರಿ ನಿಲ್ಲಿಸಿದ್ದ.

"ಹೊಲ ತಗೊಂಡಾಗ ಹೆಣಾನೂ ಸೇರಿಸೇ ತಗೊಂಡೀನಿ. ನಡಿಸಲೇ!" ಎಂದು ಕೊಂಡವನು ಕೂಗಿದ.

ನನಗಿಂತ ಮೊದಲೇ ಬಂದು ನಿಂತಿದ್ದ ಆಯಿ ಕೈಯಲ್ಲಿದ್ದ ಕೊಡಲಿ ಬೀಸಿದಳು. ಅವನ ಭುಜ ಸೀಳಿ ರಕ್ತ ಚಿಮ್ಮಿತು. ಅವನು ಸಲಿಕೆಯಿಂದ ಅವಳ ಕೈಗೆ ಹೊಡೆದ. ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವಳ ಎದೆಗೆ ಒದ್ದ. ಅವಳು ಅವನ ಕಾಲು ಕಚ್ಚಿ ಹಿಡಿದಳು. ನಾನು ಅವಳನ್ನು ಬಿಡಿಸಿ ಎಳೆಯುತ್ತಿದ್ದಾಗಲೇ ಆ ಪಾಪಿ ತಾನೇ ಡೋಜರ್ ಹತ್ತಿ ಉಳಿದ ಎಲುಬುಗಳ ಮೇಲೆ ಹಾಯಿಸಿಬಿಟ್ಟ.

ಸಿಕ್ಕಷ್ಟನ್ನು ಆಯಿ ಒಂದೇ ಕೈಯಲ್ಲಿ ಸೆರಗಿಗೆ ಬಳಿದುಕೊಂಡಳು. ಕಾಲುವೆ ಏರಿಯ ಮೇಲೆ ಸೀಮೆಎಣ್ಣೆ ಸುರಿದು ತಾನೇ ಕಡ್ಡಿ ಗೀರಿದಳು. ನಮ್ಮವರಲ್ಲಿ ಯಾರೂ ಮಾಡದ ಕೆಲಸ.

"ಸುಟ್ಟದ್ದನ್ನ ಯಾರೂ ಅಗಿಯಾಕ ಬರಂಗಿಲ್ಲಪಾ. ನನ್ನೂ ಹಿಂಗ ಸುಟ್ಟುಬಿಡು. ಆಣಿ ಮಾಡು," ಅಂದಳು.

"ನಿನ್ನಾಣಿ, ಆಯಿ," ಅಂದೆ.

ಕೆಲವು ವರ್ಷಗಳ ನಂತರ ಅವಳು ಸತ್ತಾಗ, ನಾನು ಕಟ್ಟಿಗೆ ಹೊಂದಿಸಿಕೊಂಡು ಸ್ಮಶಾನಕ್ಕೆ ಹೋದರೆ, ಹೊಲ ಮಾರಿದ ಆ ಮೈದುನನ ಮಗ ಆಗಲೇ ಕುಣಿ ತೋಡಿಸಿದ್ದ.

"ನಮ್ಮೊಳಗ ಸುಡೂದಿಲ್ಲ. ನೀ ಯಾವನಲೇ ಕೇಳಾಂವ?"

ಅವನ ಕೊರಳಪಟ್ಟಿ ಹಿಡಿದೆ. ನಾಲ್ಕು ಜನ ಸೇರಿ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ನನ್ನ ಮುಂದಿನ ಹಲ್ಲೊಂದು ಆ ಕುಣಿಯೊಳಗೇ ಬಿತ್ತು. ಅದರ ಮೇಲೇ ಆಯಿಯನ್ನು ಕೂಡಿಸಿ ಮಣ್ಣು ಎಳೆದರು…

ಚೀನಾದ ಆ ಗೋರಿಯಲ್ಲಿ ಸುತ್ತ ನಿಂತವರೆಲ್ಲ ಅರಸನ ಗತಿ ಕೇಳಿ ಲೊಚಗುಟ್ಟಿದರು. ನನಗೊಬ್ಬನಿಗೆ, ಅರಸ ಪಾರಾದ ಅನ್ನಿಸಿತು.

ಊರಿಗೆ ಬಂದ ಮರುದಿನ ಸ್ಮಶಾನಕ್ಕೆ ಹೋದೆ. ಬೇಲಿಯ ತನಕ ಮನೆ ಸೈಟಿನ ಕಲ್ಲು ನೆಟ್ಟಿದ್ದಾರೆ. ಆಯಿ ಇನ್ನೂ ಮಣ್ಣಿನಲ್ಲೇ ಕೂತಿದ್ದಾಳೆ.