ಎರಡು ಕೈಯ ಮಾತಿಗೆ ಎರಡು ವರ್ಷದ ಕರಾರು

ನನ್ನ ನಾದಿನಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಹಾಗಂತ ಅವಳನ್ನು 'ಅಯ್ಯೋ ಪಾಪ' ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪೇಟೆಯ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಶರ್ಟುಗಳಿಗೆ ಕಾಲರ್ ಕೂರಿಸುವವಳು ಅವಳೇ. ಬೇರೆ ಯಾರಾದರೂ ಕೂರಿಸಿದರೆ ಗಿರಾಕಿ ಕನ್ನಡಿ ಮುಂದೆ ಕತ್ತು ತಿರುಗಿಸಿ ನೋಡಿ ಅಲ್ಲೇ ಬಿಚ್ಚಿ ಕೊಡುತ್ತಾನೆ. ಅಂಗಡಿಯಲ್ಲಿ ಅವಳ ಹೆಸರೇ ಕಾಲರಕ್ಕ. ಮಾಲೀಕನಿಗೂ ಅವಳೆಂದರೆ ಒಂದು ಚೂರು ಅಂಜಿಕೆ.

ಅವಳಿಗಿರುವುದು ಒಬ್ಬಳೇ ಗೆಳತಿ. ಕಿವುಡ ಮಕ್ಕಳ ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು, ಆಮೇಲೆ ಒಂದೇ ಬೀದಿ. ಭಾನುವಾರ ಬಂತೆಂದರೆ ನಮ್ಮ ಮೆಟ್ಟಿಲ ಮೇಲೆ ಕೂತು ಕೈಯಲ್ಲೇ ಮಾತಿಗೆ ಶುರುವಿಟ್ಟುಕೊಂಡರೆ ಕತ್ತಲಾಗಿ ಕೈ ಕಾಣದಾದಾಗಲೇ ಏಳುತ್ತಿದ್ದರು. ಆ ಗೆಳತಿಯ ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಉಳಿದದ್ದು ಫೋನಿನ ಮೆಸೇಜು. ಊಟ ಆಯ್ತಾ, ಆಯ್ತು. ಅದೂ ಒಂದು ಮಾತೇ? ಅವರ ಮಾತಿರುವುದು ಬೆರಳಲ್ಲಿ, ಹುಬ್ಬಲ್ಲಿ, ಭುಜದಲ್ಲಿ. ಫೋನು ಹಿಡಿದರೆ ಒಂದು ಕೈ ಕಟ್ಟಿಹೋಗುತ್ತದೆ. ನೀರಿನ ಬಾಟಲಿಗೆ ಒರಗಿಸಿಟ್ಟರೆ ಜಾರುತ್ತದೆ. ಜಾರದಿದ್ದರೂ ಆ ಪುಟ್ಟ ಪರದೆಯಲ್ಲಿ ಬೆರಳು ಯಾವುದು, ಬಳೆ ಯಾವುದು ತಿಳಿಯುವುದಿಲ್ಲ.

ನೋಡನೋಡುತ್ತ ನಾದಿನಿ ಮಂಕಾದಳು. ಕೆಲಸಕ್ಕೆ ಹೋಗುವುದು, ಬರುವುದು, ಉಂಡು ಮಲಗುವುದು. ಸಮಾಧಾನ ಹೇಳೋಣವೆಂದರೆ ನನಗೆ ಬರುತ್ತಿದ್ದದ್ದು ಊಟ, ಬೀಗ, ಸಂಬಳ, ಬಾ, ಹೋಗು ಎಂಬ ನಾಲ್ಕಾರು ಸನ್ನೆ, ಅಷ್ಟೇ.

ಹೀಗಿರುವಾಗ ಒಂದು ಸಂಜೆ ಅವಳು ಫೋನ್ ಕಂಪನಿಯ ಜಾಹೀರಾತು ತಂದು ನನ್ನ ಮುಖಕ್ಕೆ ಹಿಡಿದಳು. ಸಣ್ಣ ಪುಸ್ತಕದಷ್ಟು ಅಗಲದ ಟ್ಯಾಬ್, ಮೇಜಿನ ಮೇಲೆ ನಿಲ್ಲಿಸಲು ಸ್ಟ್ಯಾಂಡು, ಹೆಚ್ಚುಕಡಿಮೆ ಪುಕ್ಕಟೆ. ಆದರೆ ಎರಡು ವರ್ಷ ಅದೇ ಕಂಪನಿಯ ಸಿಮ್ಮು, ತಿಂಗಳು ತಿಂಗಳು ಬಿಲ್ಲು. ನಡುವೆ ಬಿಟ್ಟರೆ ಟ್ಯಾಬಿನ ಪೂರ್ತಿ ಬೆಲೆ ಕಕ್ಕಬೇಕು.

“ಟೋಪಿ ಹಾಕ್ತಾರೆ ಕಣೆ,” ಎಂದೆ, ತಲೆಗೆ ಟೋಪಿ ಇಡುವಂತೆ ತೋರಿಸಿ. ಅವಳು ತನ್ನ ತಲೆ ಗಟ್ಟಿಯಿದೆ ಎನ್ನುವಂತೆ ಬೆರಳಲ್ಲಿ ಕುಟ್ಟಿಕೊಂಡಳು.

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, “ಅವಳ ದುಡಿಮೆ, ಅವಳಿಷ್ಟ. ನೀನ್ಯಾಕೆ ತಲೆ ಕೆಡಿಸ್ಕೋತೀಯಾ?” ಎಂದರು. ಇವರು ಯಾವತ್ತು ತಲೆ ಕೆಡಿಸಿಕೊಂಡಿದ್ದಾರೆ, ಇವತ್ತು ಕೆಡಿಸಿಕೊಳ್ಳಲು. ಮರುದಿನ ನಾನೇ ಅವಳ ಜೊತೆ ಹೊರಟೆ.

ಫೋನ್ ಅಂಗಡಿಯವನು ನಗುನಗುತ್ತ ಬಂದ. “ಇದರಲ್ಲಿ ಕಾಲ್ಸ್ ಪೂರ್ತಿ ಫ್ರೀ ಮೇಡಂ. ದಿನವಿಡೀ ಮಾತಾಡಬಹುದು.”

“ಇವಳಿಗೆ ಕಿವಿ ಕೇಳ್ಸಲ್ಲಪ್ಪ. ಆ ಮಾತಿನ ದುಡ್ಡು ತೆಗೆದ್ಬಿಡು.”

“ಹಾಗೆ ಬರಲ್ಲ ಮೇಡಂ. ಮಾತು ಸೇರ್ಸೇ ಪ್ಲ್ಯಾನು.”

“ಕೇಳ್ಸದವಳಿಗೆ ಮಾತು ಮಾರ್ತೀಯಲ್ಲ, ಭೇಷ್ ಕಣಪ್ಪ ನೀನು.”

ಅಂಗಡಿಯಲ್ಲಿ ಚೌಕಾಸಿಗೆ ನಿಂತರೆ ನನಗೆ ಹಸಿವೆಯೂ ಆಗುವುದಿಲ್ಲ. ಅವನ ಮುಖದ ನಗು ಇಳಿದು, ಕೊನೆಗೆ ಎಲ್ಲಕ್ಕಿಂತ ಸಣ್ಣ ಪ್ಲ್ಯಾನಿಗೆ ಬಂದ. “ಇಷ್ಟು ಸಾಕು, ಇವಳು ಮಾತಾಡಲ್ವಲ್ಲ,” ಎಂದು ಕೋಟೆ ಗೆದ್ದವಳಂತೆ ನಾದಿನಿಯತ್ತ ತಿರುಗಿದೆ. ಅವಳು ನನ್ನ ತುಟಿ ಓದಿದಳು. ಅವನು ಕೊಟ್ಟ ಪೆನ್ನನ್ನು ಹಿಂದಕ್ಕೆ ತಳ್ಳಿದಳು. ಗೋಡೆಯ ವೈಫೈ ಡಬ್ಬಿ ತೋರಿಸಿ ಅದು ಬೇಡ ಎಂದಳು, ಸಿಮ್ಮು ತೋರಿಸಿ ಇದರಲ್ಲಿ ಎಂದಳು. ತಾನು ಕೊಳ್ಳುವುದು ಯಾವುದೋ ಅದರಲ್ಲೇ ಗೆಳತಿಯ ಕೈ ಕಾಣಬೇಕು, ಆಮೇಲೆಯೇ ಸಹಿ.

ಟ್ಯಾಬನ್ನು ಕೌಂಟರ್ ಮೇಲೆ ನಿಲ್ಲಿಸಿದರು. ಗೆಳತಿ ಪರದೆಗೆ ಬಂದಳು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು. ನಾಲ್ಕೂ ಕೈ ಒಟ್ಟಿಗೆ ಎದ್ದವು. ನಡುವೆ ಒಮ್ಮೆ ಚಿತ್ರ ನಿಂತಿತು. ನಾದಿನಿಯ ಕೈಯೂ ಗಾಳಿಯಲ್ಲೇ ನಿಂತು ಕಾದು, ಚಿತ್ರ ಬಂದ ಮೇಲೆ ಅದೇ ಮಾತಿನಿಂದ ಮುಂದುವರಿಯಿತು. ಆಮೇಲೆ ನಿಲ್ಲಲಿಲ್ಲ.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹೊಲಿಗೆ ಅಂಗಡಿ ಮಾಲೀಕ ಹೊಟ್ಟೆ ಮುಂದೆ ಮಾಡಿ ನಡೆಯುವುದು, ನನ್ನ ಗಂಡ ಪೇಪರಿನ ಹಿಂದೆ ತೂಕಡಿಸುವುದು, ಈ ಅಂಗಡಿಯವನ ನಗು ಇಳಿದದ್ದು, ಎಲ್ಲವನ್ನೂ ಅವಳು ಆಡಿ ತೋರಿಸಿದಳು. ನಕ್ಕು ನಕ್ಕು ಗೆಳತಿಯ ತಲೆಯ ಟವೆಲ್ ಬಿಚ್ಚಿಹೋಯಿತು. ನಮ್ಮ ಮನೆಯ ಮೌನಗೌರಿ ಇಂಥ ಮಾತಿನ ಮಲ್ಲಿಯೆಂದು ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದ ನನಗೇ ಗೊತ್ತಿರಲಿಲ್ಲ.

ಆಮೇಲೆ ನನ್ನತ್ತ ಬೆರಳು ಮಾಡಿ, ಮುಷ್ಟಿಯನ್ನು ಮೇಲಕ್ಕೆತ್ತಿ ಪಟಪಟನೆ ಎರಡು ಸಲ ಬಿಚ್ಚಿ ಮುಚ್ಚಿದಳು. ಗೆಳತಿಯೂ ಹಾಗೇ ಮಾಡಿ ನನ್ನನ್ನು ನೋಡಿ ನಕ್ಕಳು. ಏನದು ಎಂದು ಕೇಳಿದರೆ ನಾದಿನಿ ಫೋನಿನಲ್ಲಿ ಬರೆದು ತೋರಿಸಿದಳು: “ನಿಮ್ಮ ಹೆಸರು.”

“ಸಿಡಿಯೋದಾ? ನಾನೇನು ಅಷ್ಟು ಸಿಡುಕಿನಾ?” ಎಂದೆ. ಅಂಗಡಿಯವನು ಕಿಸಕ್ಕೆಂದ. ಅವನನ್ನು ದುರುಗುಟ್ಟಿ ನೋಡಿದೆ.

ನಾದಿನಿ ತಲೆಯಾಡಿಸಿ ಮತ್ತೆ ಬರೆದಳು. “ಸಿಡಿಯೋದಲ್ಲ ಅತ್ತಿಗೆ, ಲೈಟು. ಮನೇಲಿ ಎಲ್ಲರೂ ನನ್ನ ಹಿಂದಿನಿಂದ ಬಂದು ಭುಜ ಹಿಡಿದು ಅಲ್ಲಾಡಿಸ್ತಿದ್ರು. ದಿನಾ ಬೆಚ್ಚಿ ಬೀಳ್ತಿದ್ದೆ. ನೀವು ಮದುವೆಯಾಗಿ ಬಂದ ವಾರವೇ ಬಾಗಿಲಲ್ಲಿ ನಿಂತು ಲೈಟು ಆರಿಸಿ ಹಾಕಿ ನನ್ನ ಕರೆದ್ರಿ. ಹಾಗೆ ಕರೆದವರು ನೀವೊಬ್ಬರೇ. ಅವತ್ತೇ ಇಟ್ಟ ಹೆಸರು.”

ನನಗೆ ಅದು ನೆನಪೇ ಇಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಬೀದಿಯ ಕಡೆ ತಿರುಗಿಕೊಂಡೆ.

“ಹೀಗೆ ವಿಡಿಯೊದಲ್ಲಿ ಮಾತಾಡಿದ್ರೆ ನೀವು ಹೇಳಿದ ಸಣ್ಣ ಪ್ಲ್ಯಾನಿನ ಡೇಟಾ ವಾರಕ್ಕೂ ಬರಲ್ಲ ಮೇಡಂ,” ಎಂದ ಅಂಗಡಿಯವನು, ಮೆಲ್ಲಗೆ.

“ದೊಡ್ಡದನ್ನೇ ಬರ್ಕೊಳಪ್ಪ,” ಎಂದೆ. “ಇವಳು ಬಹಳ ಮಾತಾಡ್ತಾಳೆ.”

ನಾದಿನಿ ನನ್ನ ಅಪ್ಪಣೆಗೆ ಕಾದಿರಲಿಲ್ಲ. ದೊಡ್ಡ ಪ್ಲ್ಯಾನಿಗೆ ಆಗಲೇ ಬಲಗೈಯಲ್ಲಿ ಸಹಿ ಹಾಕುತ್ತಿದ್ದಳು, ಎಡಗೈ ಇನ್ನೂ ಗೆಳತಿಯ ಜೊತೆ ಮಾತಾಡುತ್ತಿತ್ತು. ಪರದೆಯೊಳಗಿಂದ ಆ ಗೆಳತಿ ಮುಷ್ಟಿ ಬಿಚ್ಚಿ ಮುಚ್ಚಿ ನನ್ನನ್ನು ಹೆಸರು ಹಿಡಿದು ಕರೆದಳು. ನಾನು ಎರಡೂ ಕೈ ಎತ್ತಿದೆ, ಏನು ಹೇಳಬೇಕೋ ಇನ್ನೂ ತಿಳಿಯದೆ.