ಸಿಸ್ಟಮ್ ಸಾಹೇಬರು ಮತ್ತು ಪಕ್ಕದ ಫೈಲು

ಬಲಗೈಯ ಕಿರುಬೆರಳಿನ ಉಗುರನ್ನು ಅವರು ಅರ್ಧ ಇಂಚು ಬೆಳೆಸಿದ್ದರು. ಉಳಿದ ಒಂಬತ್ತು ಉಗುರುಗಳನ್ನು ಚರ್ಮಕ್ಕೆ ಹತ್ತುವಷ್ಟು ಕತ್ತರಿಸಿರುತ್ತಿದ್ದರು. ಕೀಲಿಮಣೆಯಲ್ಲಿ ಎಂಟರ್ ಒತ್ತುವುದು ಆ ಉದ್ದ ಉಗುರಿನಿಂದ ಮಾತ್ರ. ಒತ್ತುವ ಮೊದಲು ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಒಂದು ಕ್ಷಣ ನಿಲ್ಲಿಸಿ, ಸುತ್ತ ನಿಂತವರು ನೋಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಇಳಿಸುತ್ತಿದ್ದರು. ಬಹಳ ಸಲ ಏನೂ ಆಗುತ್ತಿರಲಿಲ್ಲ.

ಹುಬ್ಬಳ್ಳಿಯ ನಮ್ಮ ಪತ್ರಿಕಾ ಕಚೇರಿಯ ಗಣಕಯಂತ್ರ ವಿಭಾಗಕ್ಕೆ ಅವರೇ ಮುಖ್ಯಸ್ಥರು, ಅವರೇ ಸಿಬ್ಬಂದಿ. ಎಲ್ಲರೂ ಸಿಸ್ಟಮ್ ಸಾಹೇಬರು ಎನ್ನುತ್ತಿದ್ದೆವು. ಬರಿಯ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುತ್ತಿರಲಿಲ್ಲ. ಸುದ್ದಿ ಸಂಪಾದಕನಾಗಿದ್ದ ಹದಿನಾಲ್ಕು ವರ್ಷ ನಾನು ಅವರನ್ನು ದಿನವೂ ಕಂಡಿದ್ದೇನೆ. ಯಂತ್ರದ ಕೋಣೆಗೆ ನಾವು ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೂಳು ಬರುತ್ತದೆ ಎಂಬುದು ಕಾರಣ. ಒಳಗೆ ಅವರು ಗಿರ್ಮಿಟ್ ತಿನ್ನುತ್ತ ಕುಳಿತಿರುತ್ತಿದ್ದರು; ಕೀಲಿಮಣೆಯ ಸಂದಿಗಳಲ್ಲಿ ಹಸಿ ಉಳ್ಳಾಗಡ್ಡಿಯ ಚೂರು.

ಅವರ ಬಳಿ ಎರಡು ಔಷಧಿಗಳಿದ್ದವು. ಮೊದಲನೆಯದು, ‘ಬಂದ್ ಮಾಡಿ ಚಾಲೂ ಮಾಡ್ರಿ.’ ಪುಟ ಸಿಕ್ಕಿಕೊಂಡರೂ ಅದೇ, ಮುದ್ರಣಯಂತ್ರ ಕೆಮ್ಮಿದರೂ ಅದೇ. ಒಮ್ಮೆ ಕ್ರೀಡಾ ವಿಭಾಗದವರು ತಲೆಯ ಮೇಲಿನ ಫ್ಯಾನು ತಿರುಗುತ್ತಿಲ್ಲವೆಂದಾಗಲೂ ಅದನ್ನೇ ಹೇಳಿದರು. ಎರಡನೆಯದು ಶುಕ್ರವಾರದ ಕಸ. ವಾರಕ್ಕೊಮ್ಮೆ ಯಂತ್ರಗಳಲ್ಲಿ ಹುಡುಕಿ, ತಮಗೆ ಗುರುತಿಲ್ಲದ ಹೆಸರಿನ ಫೈಲುಗಳನ್ನೆಲ್ಲ ಅಳಿಸುತ್ತಿದ್ದರು; ಆ ಹೊತ್ತಿಗೆ ಯಾರಾದರೂ ತೆರೆದಿಟ್ಟುಕೊಂಡಿದ್ದವಷ್ಟೇ ಉಳಿಯುತ್ತಿದ್ದವು. ಗುರುತಿದ್ದ ಹೆಸರುಗಳು ಬಹಳ ಇರಲಿಲ್ಲ.

ಧಾರವಾಡದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಗ್ರಂಥಪಾಲಕಿ ಹಳೆಯ ಸಂಚಿಕೆಗಳಿಗೆ ಸೂಚಿ ತಯಾರಿಸುತ್ತಿದ್ದರು. ಯಾವ ಸುದ್ದಿ, ಯಾವ ದಿನ, ಯಾವ ಪುಟ. ಕಚೇರಿಯ ಯಾವ ಮೇಜಿನಿಂದ ಹೆಸರು ಹೊಡೆದರೂ ಸಿಗಬೇಕು. ಉಪನ್ಯಾಸಕರೊಬ್ಬರ ಸಹಾಯದಿಂದ ಅವರು ಅದನ್ನು ಒಂದು ಪುಟ್ಟ ಡೇಟಾಬೇಸಿನಲ್ಲಿ ಇಟ್ಟಿದ್ದರು. ಇಡೀ ಸೂಚಿ ಒಂದೇ ಫೈಲು. ಅದಕ್ಕೆ ಪ್ರತ್ಯೇಕ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ನೋಡಿಕೊಳ್ಳಲು ಒಬ್ಬ ಸಾಹೇಬರೂ ಬೇಡ. ಈ ಕೊನೆಯದನ್ನು ಸಾಹೇಬರು ಕ್ಷಮಿಸಲಿಲ್ಲ.

ಗ್ರಂಥಪಾಲಕಿಯ ಗುತ್ತಿಗೆ ಆ ತಿಂಗಳು ಮುಗಿಯುತ್ತಿತ್ತು. ಸೋಮವಾರ ಸೂಚಿಯನ್ನು ತೋರಿಸಿರಿ, ಉಪಯೋಗ ಕಂಡರೆ ನಿಮ್ಮನ್ನು ಉಳಿಸಿಕೊಳ್ಳುತ್ತೇವೆ ಎಂದು ಸಂಪಾದಕರು ಹೇಳಿದ್ದರು. ಸರಿಯಾಗಿ ಅದೇ ಹೊತ್ತಿಗೆ ಹುಡುಕಾಟ ತೀರ ನಿಧಾನವಾಗಿತ್ತು. ಶುಕ್ರವಾರ ಆಕೆ ಸಾಹೇಬರ ಬಾಗಿಲಲ್ಲಿ ನಿಂತರು. ನಾನು ಅಲ್ಲೇ ಇದ್ದೆ.

“ಸಾಹೇಬ್ರ, ಮದಲ ಹೆಸರು ಹೊಡದ ಕೂಡ್ಲೆ ಬರ್ತಿತ್ತು. ಈಗ ಚಾ ಕುಡದು ಬಂದ್ರೂ ಹುಡುಕ್ಲಿಕ್ಕತ್ತಿರ್ತದ. ಸೂಚಿ ಬಾಜೂಕ ಇನ್ನೊಂದು ಫೈಲ್ ಅದ, ದಿನಾ ದಪ್ಪ ಆಗ್ಲಿಕ್ಕತ್ತದ. ಅದೇನಂತ ನೋಡ್ತೀರೇನು?”

“ಬಾಯಾರ, ಅದು ಸಣ್ಣ ಹುಡುಗರ ಆಟಿಕಿ. ಮೊಬೈಲ್‌ನ್ಯಾಗ ಇರೂ ಡೇಟಾಬೇಸ್ ತಂದು ಪೇಪರ್ ಆಫೀಸಿನ್ಯಾಗ ನಡಸ್ತೇನಂದ್ರ ಹೆಂಗ್ರಿ? ಟಮ್‌ಟಮ್‌ನ್ಯಾಗ ಲಾರಿ ತುಂಬೂವಷ್ಟು ಹತ್ತಿ ಅಂಡಗಿ ಹೇರಿದಂಗಾತು.”

“ಹೇರಿದ್ದು ಏನೂ ಭಾಳ ಇಲ್ರೀ. ತಡಾ ಯಾಕ ಆಗ್ತದ, ಅಷ್ಟ ಕೇಳ್ದೆ.”

“ನಿಮಗ ತಿಳಿಯೂದಿಲ್ಲ ಬಿಡ್ರಿ. ಬಂದ್ ಮಾಡಿ ಚಾಲೂ ಮಾಡ್ತೇನಿ. ಹಂಗ ಕಸಾನೂ ತಗೀತೇನಿ.”

“ಕಸ ಅಂದ್ರ ಯಾವುದ್ರಿ?”

“ಅದನ್ನ ಹೇಳಾಕ ನಾ ಏನ ಸಾಲಿ ತಗದೇನೇನ್ರಿ?”

ಸೂಚಿ ಇದ್ದ ಯಂತ್ರವನ್ನು ಕ್ರಮವಾಗಿ ಮುಚ್ಚುವ ತಾಳ್ಮೆ ಅವರಿಗಿರಲಿಲ್ಲ. ಗೋಡೆಯ ಪ್ಲಗ್ಗು ಕಿತ್ತರು, ಮತ್ತೆ ಸಿಕ್ಕಿಸಿದರು. ಸೂಚಿಯನ್ನು ತೆರೆಯುವ ಮೊದಲೇ ಆ ದಪ್ಪ ಫೈಲನ್ನು ಅಳಿಸಿದರು. ಎಂಟರ್ ಒತ್ತಿದರು. ಹುಡುಕಾಟ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು.

“ನೋಡ್ರಿ, ಬಾಣ ಹೋದಂಗ ಹೊಂಟೈತಿ,” ಎಂದು ಕೈ ಒರೆಸಿಕೊಂಡರು. ಗ್ರಂಥಪಾಲಕಿ ಅವರಿಗೆ ಕೈಮುಗಿದರು. ಅದನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಸೋಮವಾರ ಸಂಪಾದಕರು ಆಕೆಯ ಪಕ್ಕದಲ್ಲಿ ಕುಳಿತು, “ಗಬ್ಬೂರ ಬೈಪಾಸ್ ಅಂತ ಹೊಡೀರಿ,” ಎಂದರು. ಹಿಂದಿನ ತಿಂಗಳಷ್ಟೇ ಆಕೆ ಆ ಬೈಪಾಸಿನ ಸುದ್ದಿಗಳನ್ನೆಲ್ಲ ಸೂಚಿಗೆ ಏರಿಸಿದ್ದರು. ಒಂದೂ ಬರಲಿಲ್ಲ. ಬೇರೆ ಹೆಸರು ಹೊಡೆದರು. ಅದೂ ಇಲ್ಲ. ಹನ್ನೊಂದು ವಾರಗಳಲ್ಲಿ ಆಕೆ ಏರಿಸಿದ ಒಂದು ಸಾಲೂ ಸೂಚಿಯಲ್ಲಿ ಇರಲಿಲ್ಲ.

ಸಾಹೇಬರನ್ನು ಕರೆಸಿದರು. ಅವರು ಪರದೆಯನ್ನು ನೋಡಲೂ ಇಲ್ಲ. “ಬಾಯಾರು ಹಾಕೇ ಇಲ್ರಿ. ಹಾಕಿದ್ರ ಎಲ್ಲಿ ಹೊಕ್ಕಾವು? ಕಿಡಕ್ಯಾಗಿಂದ ಹಾರಿ ಹೋದವೇನು?”

“ಹಾಕೀನ್ರಿ. ದಿನಾ ಹಾಕೀನಿ,” ಎಂದರು ಆಕೆ. ತೋರಿಸಲು ಆಕೆಯ ಬಳಿ ಏನೂ ಇರಲಿಲ್ಲ.

ಸಂಪಾದಕರು ನನ್ನ ಕಡೆ ತಿರುಗಿದರು. “ಇಬ್ಬರೊಳಗ ಒಬ್ಬರದು ಸುಳ್ಳು. ಯಾರದಂತ ಬುಧವಾರ ಬರದು ಕೊಡ್ರಿ. ಗುರುವಾರದಿಂದ ಅವರು ಬರೂದು ಬ್ಯಾಡ.”

ನಾನು ಲಕಮನಹಳ್ಳಿಯಲ್ಲಿದ್ದ ಆ ಉಪನ್ಯಾಸಕರ ಮನೆಗೆ ಹೋದೆ. ಅವರು ಸರಳವಾಗಿ ವಿವರಿಸಿದರು. ಹೊಸದಾಗಿ ಏರಿಸಿದ್ದು ಮೊದಲು ಪಕ್ಕದ ಫೈಲಿನಲ್ಲಿ ಕೂಡುತ್ತದೆ, ಆಮೇಲೆ ತಾನಾಗಿ ಮೂಲ ಫೈಲಿಗೆ ಸೇರುತ್ತದೆ. ಆದರೆ ಯಾರಾದರೂ ಹುಡುಕಾಟ ಆರಂಭಿಸಿ, ಫಲಿತಾಂಶದ ಪಟ್ಟಿಯನ್ನು ಅರ್ಧ ಓದಿ, ಪರದೆಯ ಮೇಲಿನ ಆ ಕಿಟಕಿಯನ್ನು ಮುಚ್ಚದೆ ಬಿಟ್ಟರೆ, ಆ ಕ್ಷಣದ ನಂತರ ಬಂದದ್ದು ಯಾವುದೂ ಮೂಲಕ್ಕೆ ಸೇರುವಂತಿಲ್ಲ. ಪಕ್ಕದ ಫೈಲು ಬೆಳೆಯುತ್ತಲೇ ಹೋಗುತ್ತದೆ. ಪ್ರತಿ ಹುಡುಕಾಟವೂ ಅದನ್ನು ದಾಟಿ ಬರಬೇಕು, ಹಾಗಾಗಿ ನಿಧಾನ.

“ಅವರು ಅಳಿಸಿದ್ದು ಕಸ ಅಲ್ರಿ. ಆಕಿ ಹನ್ನೊಂದು ವಾರದ ಕೆಲಸಾ ಎಲ್ಲಾ ಅದರಾಗ ಇತ್ತು,” ಎಂದರು. “ಕಿಟಕಿ ಯಾರು ತಗದಿಟ್ಟಿದ್ರು ಅನ್ನೂದು ಬೇಕಾದ್ರ, ಹುಡುಕಿದವರ ಪಟ್ಟಿ ಬ್ಯಾರೆ ಫೈಲಿನ್ಯಾಗ ಇರ್ತದ. ನೋಡ್ರಿ.”

ಮಂಗಳವಾರ ನೋಡಿದೆ. ಎಲ್ಲ ಹುಡುಕಾಟಗಳಿಗೂ ಆರಂಭ, ಮುಕ್ತಾಯ ಎರಡೂ ದಾಖಲಾಗಿದ್ದವು. ಹನ್ನೊಂದು ವಾರ ಹಿಂದಿನ ಒಂದು ಮಧ್ಯಾಹ್ನದ ಹುಡುಕಾಟಕ್ಕೆ ಮಾತ್ರ ಮುಕ್ತಾಯವಿರಲಿಲ್ಲ. ಹುಡುಕಿದ ಪದ ‘ಹತ್ತಿ ಗಿರಣಿ’. ಮೇಜು ನನ್ನದು. ಲೇಖನವೊಂದಕ್ಕೆ ಬೇಕಾದ ಮಾಹಿತಿ ಎರಡನೆಯ ಪುಟದಲ್ಲೇ ಸಿಕ್ಕಿತ್ತು. ಆ ಕಿಟಕಿಯನ್ನು ಇತರ ಕಿಟಕಿಗಳ ಅಡಿಯಲ್ಲಿ ಹಾಗೇ ಬಿಟ್ಟಿದ್ದೆ. ಸುದ್ದಿಮನೆಯ ಯಂತ್ರಗಳನ್ನು ನಾವು ಆರಿಸುವುದಿಲ್ಲ. ಸೂಚಿಯಲ್ಲಿ ಉಳಿದಿದ್ದ ಕಡೆಯ ಸಾಲು ಅದೇ ಮಧ್ಯಾಹ್ನದ್ದು.

ವರದಿ ಒಂದು ಪುಟವಾಯಿತು. ಗ್ರಂಥಪಾಲಕಿ ಮಾಹಿತಿ ಏರಿಸಿದ್ದು ನಿಜ. ಸಿಸ್ಟಮ್ ಮುಖ್ಯಸ್ಥರು ಅದನ್ನು ಅಳಿಸಿದ್ದು ನಿಜ. ಎರಡೂ ವಾಕ್ಯಗಳಿಗೆ ಆಧಾರವಿತ್ತು. ಮೂರನೆಯ ವಾಕ್ಯಕ್ಕೂ ಇತ್ತು, ಅದನ್ನು ಬರೆಯಲಿಲ್ಲ. ಕೇಳಿದ್ದು ಯಾರದು ಸುಳ್ಳು ಎಂದಷ್ಟೇ, ಫೈಲು ಯಾಕೆ ಬೆಳೆಯಿತು ಎಂದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಗ್ರಂಥಪಾಲಕಿ ಉಳಿದರು, ಹಳೆಯ ಸಂಪುಟಗಳನ್ನು ಮತ್ತೆ ತೆಗೆದು ಎಲ್ಲವನ್ನೂ ಇನ್ನೊಮ್ಮೆ ಏರಿಸಿದರು. ಸಾಹೇಬರನ್ನು ಕೆಲಸದಿಂದ ತೆಗೆದರು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅರಿಯದೆ ಅಳಿಸಿದ್ದಕ್ಕಲ್ಲ, ತಾವು ಅಳಿಸಿದ್ದನ್ನು ಆ ಹೆಣ್ಣುಮಗಳ ತಲೆಗೆ ಕಟ್ಟಿ ಆಕೆಯ ಅನ್ನ ಕಳೆಯಲು ಹೊರಟದ್ದಕ್ಕೆ.

ಹೊರಡುವ ದಿನ ಅವರು ನನ್ನ ಮೇಜಿನ ಬಳಿ ಬಂದರು. ಬೈಯುತ್ತಾರೆಂದುಕೊಂಡೆ. ಕುರ್ಚಿ ಎಳೆದುಕೊಂಡು ಕುಳಿತರು.

“ಅಳಿಸಿದ್ದು ನಾನ. ಬಾಯಾರ ಮ್ಯಾಲೆ ಹಾಕಿದ್ದೂ ತಪ್ಪಾತು. ಹೋಗ್ಲಿ. ಆದ್ರ ಒಂದು ತಿಳೀವಲ್ದರಿ ನನಗ. ಅದು ಅಷ್ಟು ದಪ್ಪ ಯಾಕ ಆತು? ನೀವು ಹೋಗಿ ಕೇಳಿ ಬಂದೀರಂತ. ಹೇಳ್ರಲಾ.”

ಹದಿನಾಲ್ಕು ವರ್ಷಗಳಲ್ಲಿ ಅವರು ಯಾರನ್ನಾದರೂ ಏನನ್ನಾದರೂ ತಿಳಿಯಲೆಂದು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಉತ್ತರ ಒಂದು ವಾಕ್ಯದ್ದು.

“ಅದು ನನಗೂ ಗೊತ್ತಾಗಲಿಲ್ಲರಿ,” ಎಂದೆ.

“ನಿಮಗ ಗೊತ್ತಾಗಲಿಲ್ಲಂದ್ರ ಬಿಡ್ರಿ,” ಎಂದು ಎದ್ದರು. ನಂಬಿದ್ದರು.

ಆಮೇಲೆ ಅವರು ರಾಯಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟರು. ಹೋದ ವರ್ಷ ತೀರಿಕೊಂಡರು. ಮೂರು ದಿನ ಬಿಟ್ಟು ಮಾತನಾಡಿಸಲು ಹೋದೆ. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ನೀರು ಕೊಟ್ಟು, ನಾನು ಆ ಪತ್ರಿಕೆಯವನೆಂದು ತಿಳಿದೊಡನೆ, ಅಂಗಡಿಯ ಯಂತ್ರದ ಕಡೆ ಕೈ ತೋರಿಸಿದರು.

“ನಿಮ್ಮ ಆಫೀಸಿನ್ಯಾಗ ಒಂದು ಫೈಲ್ ದಪ್ಪ ಆಗಿತ್ತಂತಲ್ರಿ. ಇಲ್ಲೂ ಅಂಥಾದ ಒಂದು ಸೂಚಿ ಹಾಕ್ಕೊಂಡು ಕುಂತಿರ್ತಿದ್ರು. ಗಿರಾಕಿ ಇಲ್ದಾಗೆಲ್ಲ ಅದ ಕೆಲಸ. ಏನೇನೋ ತುಂಬೂದು, ಬಂದ್ ಮಾಡೂದು, ಚಾಲೂ ಮಾಡೂದು. ದಪ್ಪ ಆಗವಲ್ದು ಅಂತ ಸಿಟ್ಟಾಗ್ತಿದ್ರು. ಕಡೀಕ, ಇದು ನಾನೊಬ್ಬನ ಇದ್ರ ಆಗೂದಲ್ಲ, ಅಲ್ಲೆ ಇನ್ನೊಬ್ಬ ಇದ್ದಿರಬೇಕು ಅಂತಿದ್ರು.”

ಅವರು ಸೋಮಾರಿ, ಒರಟ, ತಿಳಿಯದ್ದನ್ನು ತಿಳಿದಂತೆ ನಟಿಸಿ ಬದುಕಿದವರು. ಇದರಲ್ಲಿ ಒಂದು ಪದವನ್ನೂ ನಾನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಒಂದು ತೊಂದರೆಯನ್ನು ಹಿಡಿದು, ಯಾರ ಸಹಾಯವೂ ಇಲ್ಲದೆ, ಅದರ ಬಾಗಿಲಿನವರೆಗೆ ಅವರು ತಲುಪಿದ್ದರು.

“ಇನ್ನೊಬ್ಬ ಇದ್ದ. ಅದು ನಾನು,” ಎಂದೆ. ಕಿಟಕಿ ಮುಚ್ಚದೆ ಬಿಟ್ಟದ್ದನ್ನು ಹೇಳಿದೆ.

ಆಕೆ ಪೂರ್ತಿ ಕೇಳಿದರು. ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಹೌದ್ರಿ? ಹಂಗಾದ್ರ ಅವರಿಗೆ ಹೇಳಬೇಕಿತ್ತರಿ.”