ಬಟ್ಟಲಿಗೆ ಬಿದ್ದ ಕೆಂಪು ಬಣ್ಣ

ಆಟಿ ತಿಂಗಳ ಒಂದು ಭಾನುವಾರ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ರೈಲು ಹತ್ತಿದೆ. ಠಾಣೆಯಲ್ಲಿಳಿದು ಒಂದು ವಡಾಪಾವ್ ತಿಂದು, ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿ ತಲುಪುವಾಗ ಮಳೆಗೆ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಪುರಾತತ್ವ ಓದುವ ತಂಗಿಮಗಳು ದೀಕ್ಷಾ, ಅಲ್ಲಿನ ಹಾಲೊಂದರಲ್ಲಿ ನಡೆಯುತ್ತಿದ್ದ ಮಾಯಾ ಎಂಬ ಪ್ರಾಚೀನ ಜನಾಂಗದ ಕುರಿತ ಪ್ರದರ್ಶನಕ್ಕೆ ಒಂದು ಮಾದರಿ ಮನೆ ಮಾಡಿಕೊಟ್ಟಿದ್ದಳು. ಅದನ್ನು ನೋಡಿ, ಸಂಜೆ ಅವಳ ಜೊತೆ ಕಾಮೋಠೆಗೆ ಹೋಗಿ, ತೀರಿಹೋದ ನಮ್ಮ ಅಪ್ಪನಿಗೆ ಆಟಿಯಲ್ಲಿ ಹಿರಿಯರಿಗೆ ಹಾಕುವ ಎಲೆ ಬಡಿಸುವುದಿತ್ತು.

ಟಿಕೆಟು ನೂರೈವತ್ತು. ಬಾಗಿಲಲ್ಲೇ ಪ್ಲಾಸ್ಟಿಕ್ ತಲೆಬುರುಡೆ, ಕೆಂಪು ಲೈಟು, ಸ್ಪೀಕರಿನಲ್ಲಿ ಕಿರುಚಾಟ. ದೀಕ್ಷಾ ಒಳಗೇ ಕಾಯುತ್ತಿದ್ದಳು. ಅವಳ ಮಾದರಿ ಮನೆ ಮೂಲೆಯಲ್ಲಿತ್ತು. ಮಾಯಾ ಜನ ಹಿರಿಯರನ್ನು ಮನೆಯ ನೆಲದಡಿಯೇ ಹೂಳಿ, ಬಾಯಿಗೆ ಮೆಕ್ಕೆಜೋಳದ ಹಿಟ್ಟಿಟ್ಟು ಕಳಿಸುತ್ತಿದ್ದರಂತೆ. ಆ ಗೋರಿಯ ಪಕ್ಕ ಅವಳೊಂದು ಮಣ್ಣಿನ ಬಟ್ಟಲಲ್ಲಿ ಮೆಕ್ಕೆಜೋಳದ ಗಂಜಿ ಇಟ್ಟಿದ್ದಳು. ಈಗ ಅದರ ತುಂಬ ಕೆಂಪು ಬಣ್ಣ. ಮೇಲೆ ಬೋರ್ಡು: ನರರಕ್ತ.

"ಇದೇನು ಮಾರಾಯ್ರೆ?" ಎಂದು ಆಯೋಜಕನನ್ನು ಹಿಂದಿಯಲ್ಲೇ ಕೇಳಿದೆ.

"ಅಂಕಲ್, ಗಂಜಿ ನೋಡ್ಲಿಕ್ಕೆ ಯಾರು ಬರ್ತಾರೆ? ಪಬ್ಲಿಕ್‌ಗೆ ಥ್ರಿಲ್ ಬೇಕು," ಎಂದು ನಕ್ಕ.

ಮೈಯೆಲ್ಲ ಉರಿಯಿತು. ನರಬಲಿ ಇದ್ದದ್ದು ಸುಳ್ಳಲ್ಲ. ರಾಜರಾಣಿಯರು ತಮ್ಮದೇ ನಾಲಿಗೆ ಚುಚ್ಚಿ ದೇವರಿಗೆ ರಕ್ತ ಕೊಡುತ್ತಿದ್ದದ್ದೂ ನಿಜ, ದೀಕ್ಷಾಳೇ ಹೇಳಿದ್ದಾಳೆ. ಆದರೆ ಸತ್ತವರ ಗಂಜಿಯನ್ನು ರಕ್ತ ಮಾಡಲು ಇವನ್ಯಾರು? ಅಪ್ಪನ ಎಲೆಯ ಕೋಳಿಸಾರು ಕಂಡರೆ ಅದಕ್ಕೂ ಪಿಶಾಚಿ ಪೂಜೆ ಎಂದು ಬೋರ್ಡು ಹಾಕುವವನೇ. ಇಷ್ಟನ್ನೂ ಅವನ ಮುಖಕ್ಕೇ ಹೇಳಿದೆ.

"ಮಾಮಾ, ಛೋಡೋ ನಾ," ಎಂದು ಬಿಟ್ಟುಬಿಡಲು ಹೇಳಿದಳು ದೀಕ್ಷಾ. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ. ಆದರೆ ಬೋರ್ಡು ಕಿತ್ತು ಆಯೋಜಕನ ಕೈಗೆ ಕೊಟ್ಟು, ಮನೆಯನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಸ್ಟೇಷನ್ನಿನ ನಲ್ಲಿಯಲ್ಲಿ ಬಟ್ಟಲು ತೊಳೆದಳು. ಬಣ್ಣ ಪೂರ್ತಿ ಹೋಗಲಿಲ್ಲ. ಪನ್ವೇಲ್ ಗಾಡಿಯಲ್ಲಿ ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಕಾಮೋಠೆಯಲ್ಲಿ ತಂಗಿ ಅಪ್ಪನ ಫೋಟೋದ ಮುಂದೆ ಎಲೆ ಹಾಕಿ ಬಡಿಸಿದ್ದಳು. ಬಡಿಸಿದ ಮೇಲೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚುವುದು, ಸತ್ತವರ ಊಟ ಮುಗಿಯುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ತೆರೆಯುವುದು ನಮ್ಮ ಕ್ರಮ. ಪ್ರತಿವರ್ಷ ಆ ಹೊತ್ತಿಗೆ ದೀಕ್ಷಾ ಮೊಬೈಲು ಹಿಡಿದು ಬಾಲ್ಕನಿಯಲ್ಲಿರುತ್ತಿದ್ದಳು.

ಈ ಸಲ ಆ ಬಟ್ಟಲಿಗೆ ಗಂಜಿ ಹಾಕಿ, ಅಜ್ಜನ ಎಲೆಯ ಪಕ್ಕ ತನ್ನ ಮಾಯಾ ಮನೆಯನ್ನಿಟ್ಟು, ಬಟ್ಟಲನ್ನು ಅದರ ಮುಂದಿಟ್ಟಳು. ನಾನು ಇನ್ನೂ ಆಯೋಜಕನನ್ನು ಬೈಯುತ್ತಲೇ ಇದ್ದೆ.

"ಮಾಮ, ಮೆಲ್ಲ ಮಾತಾಡಿ," ಎಂದಳು, ಕನ್ನಡದಲ್ಲಿ. "ಅವರೆಲ್ಲ ಊಟಕ್ಕೆ ಕೂತಿದ್ದಾರೆ."

ನನ್ನನ್ನು ಹೊರಗೆ ಕರೆದು, ಬಾಗಿಲನ್ನು ತಾನೇ ಮುಚ್ಚಿದಳು.